ಇನ್ನೊಮ್ಮೆ ಓದಿ ಹೇಳು

ಯಾರಾದರೂ ನನ್ನನ್ನು ಸ್ವಾವಲಂಬಿ ಎಂದು ಹೊಗಳಿದರೆ ನನಗೆ ಒಳಗೊಳಗೇ ಸ್ವಲ್ಪ ದುಃಖವಾಗುತ್ತದೆ. ಹೊಗಳುವವರಿಗೆ ಇದು ಗೊತ್ತಿಲ್ಲ. ಎಲೆಕ್ಟ್ರಾನಿಕ್ ಸಿಟಿಯ ನಮ್ಮ ಆಫೀಸಿಗೆ ಹೊಸಬರು ಬಂದಾಗಲೆಲ್ಲ ಮ್ಯಾನೇಜರು ಅವರನ್ನು ನನ್ನ ಮೇಜಿನ ಹತ್ತಿರ ಕರೆತಂದು, ಕಣ್ಣಿಲ್ಲದ ನಾನು ಯಾರ ಸಹಾಯವೂ ಇಲ್ಲದೆ ಕಂಪ್ಯೂಟರಿನಲ್ಲಿ ಬರೆಯುವುದನ್ನು ತೋರಿಸುತ್ತಾರೆ, ಸರ್ಕಸ್ಸಿನಲ್ಲಿ ಆನೆ ಚೆಂಡು ಒದೆಯುವುದನ್ನು ತೋರಿಸಿದ ಹಾಗೆ. ನಾನೂ ನಾಲ್ಕು ಸಾಲು ಒದ್ದು ತೋರಿಸುತ್ತೇನೆ. ಅವರು ಸೂಪರ್ ಸಾರ್ ಎಂದು ಕಾಫಿಗೆ ಹೋಗುತ್ತಾರೆ.

ನನ್ನ ಕಣ್ಣು ಒಂದೇ ದಿನ ಹೋದದ್ದಲ್ಲ. ಮೊದಲು ಪುಟದ ಅಂಚು ಹೋಯಿತು. ಆಮೇಲೆ ಸಾಲಿನ ಕೊನೆ, ಆಮೇಲೆ ಅಕ್ಷರದ ಒತ್ತು. ಕೊನೆಗೆ ಪರದೆ ಬೆಳ್ಳಗಿದೆ ಎಂಬುದೊಂದೇ ಉಳಿದು, ಅದೂ ಹೋಯಿತು. ಇದರ ಬಗ್ಗೆ ಇಷ್ಟಕ್ಕಿಂತ ಹೆಚ್ಚು ಬರೆಯಲು ಹೊರಟರೆ ಈಗಲೂ ಬೆರಳು ಬೇರೆ ಕೀಲಿ ಒತ್ತಿಬಿಡುತ್ತದೆ.

ಆಗ ನಾನು ಹವ್ಯಾಸಕ್ಕೆ ಬರೆದ ಪ್ರಬಂಧಗಳನ್ನು ನನಗೇ ಓದಿ ಹೇಳಲು ಕೂತವಳು ನನ್ನ ಹೆಂಡತಿ ಗಿರಿಜಾ. ಅವಳು ಗದಗಿನ ಕಡೆಯವಳು. ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸಿನಲ್ಲಿ ಹೊಲಿದ ಬಟ್ಟೆಗಳನ್ನು ಚೆಕ್ ಮಾಡುವ ಕೆಲಸ. ದಿನವೆಲ್ಲ ಷರ್ಟುಗಳ ತಪ್ಪು ಹುಡುಕಿ, ಸಂಜೆ ಬೇಗೂರಿನ ನಮ್ಮ ಬಾಡಿಗೆ ಮನೆಗೆ ಬಂದು, ಚಹಾ ಕುಡಿದು, ನನ್ನ ಪ್ರಬಂಧಗಳ ತಪ್ಪು ಹುಡುಕುತ್ತಿದ್ದಳು. ನಗೆ ಬರಬೇಕಾದ ಸಾಲಿಗಿಂತ ಎರಡು ಸಾಲು ಮೊದಲೇ ಕಣ್ಣಾಡಿಸಿ ನಕ್ಕುಬಿಡುತ್ತಿದ್ದಳು. ಆ ಸಾಲು ಬಂದಾಗ ಗಂಭೀರವಾಗಿರುತ್ತಿದ್ದಳು. ನನ್ನ ತಂದೆಯ ಬಗ್ಗೆ ಬರೆದರೆ, ಮಾವನವರು ಹಿಂಗ ಮಾತಾಡಿದ್ದನ್ನ ನಾ ಕೇಳೇ ಇಲ್ಲ ಎಂದು ತಕರಾರು ತೆಗೆದು ಮುಂದಿನ ಸಾಲಿಗೆ ಹೋಗಲು ಒಪ್ಪುತ್ತಿರಲಿಲ್ಲ. ಒಂದು ಪುಟಕ್ಕೆ ಒಂದು ಸಂಜೆ ಬೇಕಾಗುತ್ತಿತ್ತು. ಆದರೆ ಅವಳ ದನಿಯಲ್ಲಿ ದಣಿವೂ ಕೇಳಿಸುತ್ತಿತ್ತು. ಕಣ್ಣು ಹೋದವನಿಗೆ ಅಂಥದ್ದು ಬೇಡವೆಂದರೂ ಕೇಳಿಸುತ್ತದೆ. ಆ ದಣಿವಿಗೆ ಹೆದರಿಯೇ ನಾನು ಸ್ಕ್ರೀನ್ ರೀಡರ್ ಕಲಿತೆ. ಪರದೆಯ ಮೇಲಿರುವ ಅಕ್ಷರಗಳನ್ನೆಲ್ಲ ಅದು ಕಿವಿಗೆ ಓದಿ ಹೇಳುತ್ತದೆ. ಇನ್ನು ಮೇಲೆ ನಿನಗೆ ಬಿಡುವು ಎಂದು ಗಿರಿಜಾಗೆ ಹೆಮ್ಮೆಯಿಂದ ಹೇಳಿದೆ. ಅವಳು ಆತು ಬಿಡ್ರಿ ಎಂದಳು. ಮರುದಿನದಿಂದ ಸಂಜೆ ಚಪ್ಪಲಿ ಮೆಟ್ಟಿ ಕೆರೆಯ ಕಡೆ ವಾಕಿಂಗ್ ಹೊರಟಳು.

ಯಂತ್ರವನ್ನು ನಾನು ದೂರುವುದಿಲ್ಲ. ಅದು ದಣಿಯುವುದಿಲ್ಲ, ತಕರಾರು ತೆಗೆಯುವುದಿಲ್ಲ. ಅಪ್ಪನ ಸಾವನ್ನೂ ಬದನೆಕಾಯಿಯ ಎಣ್ಣೆಗಾಯಿಯನ್ನೂ ಒಂದೇ ದನಿಯಲ್ಲಿ ಓದುತ್ತದೆ. ನಡುವೆ ನಾನು ಭಾವುಕನಾಗಿ ಒಂದು ಸಾಲು ಬಿಟ್ಟಿದ್ದರೆ ‘ಖಾಲಿ’ ಎನ್ನುತ್ತದೆ. ಬರವಣಿಗೆಗೆ ನೆರವಾಗಲೆಂದೇ ಕಂಪ್ಯೂಟರಿನಲ್ಲಿ ಇನ್ನೂ ಹಲವು ಸಲಕರಣೆಗಳಿವೆ. ಕಾಗುಣಿತ ನೋಡುವ ಸಲಕರಣೆ ಇಂಗ್ಲಿಷಿನಲ್ಲಿ ಅಲ್ಪವಿರಾಮಕ್ಕೂ ಜಗಳವಾಡುತ್ತದೆ. ಕನ್ನಡದ ಮಟ್ಟಿಗೆ ಮಹಾ ಉದಾರಿ. ಏನನ್ನೇ ಬರೆದು ಕೊಟ್ಟರೂ ಪರಿಶೀಲನೆ ಮುಗಿಯಿತು ಎಂದುಬಿಡುತ್ತದೆ. ಬರೆದದ್ದನ್ನು ಗಟ್ಟಿಯಾಗಿ ಓದುವ ಇನ್ನೊಂದು ಸಲಕರಣೆಯನ್ನು ಗೊತ್ತಿಲ್ಲದೆ ಚಾಲೂ ಮಾಡಿದೆ. ಸ್ಕ್ರೀನ್ ರೀಡರ್ ಒಂದು ಕಡೆ, ಅದು ಒಂದು ಕಡೆ, ಒಬ್ಬರ ಹಿಂದೊಬ್ಬರು ಅದೇ ವಾಕ್ಯವನ್ನು ಓದತೊಡಗಿದರು. ಒಂದೇ ಮದುವೆಗೆ ಎರಡೂ ಕಡೆಯ ಪುರೋಹಿತರು ಬಂದ ಹಾಗಾಯಿತು. ಮಾತಾಡಿದ್ದನ್ನು ಅಕ್ಷರಕ್ಕಿಳಿಸುವ ಸಲಕರಣೆಯ ಕಥೆ ಇನ್ನೂ ವಿಚಿತ್ರ. ಇಯರ್‌ಫೋನ್ ಹಾಕಿಕೊಳ್ಳದೆ ಒಂದು ವಾಕ್ಯ ಹೇಳಿದೆ. ಅದು ಬರೆದುಕೊಂಡಿತು. ಬರೆದದ್ದನ್ನು ಸ್ಕ್ರೀನ್ ರೀಡರ್ ಓದಿತು. ಓದಿದ್ದನ್ನು ಕೇಳಿಸಿಕೊಂಡು ಅದು ಮತ್ತೆ ಬರೆದುಕೊಂಡಿತು. ನಾನು ಬಾಯಿ ಮುಚ್ಚಿ ಕೂತಿದ್ದರೂ ಪ್ರಬಂಧ ಬೆಳೆಯುತ್ತಲೇ ಹೋಯಿತು.

ಹೋದ ಭಾನುವಾರ ಎಚ್ಚರಿಕೆಯಿಂದ ಇಯರ್‌ಫೋನ್ ಹಾಕಿಕೊಂಡು ಹೇಳಿ ಬರೆಸುತ್ತಿದ್ದೆ. ಮಳೆಹನಿ ಶುರುವಾಯಿತು. ಗಿರಿಜಾಳ ಕೈ ರೊಟ್ಟಿಹಿಟ್ಟಿನಲ್ಲಿತ್ತು. ನಾನು ಇಯರ್‌ಫೋನ್ ತೆಗೆದಿಟ್ಟು, ಕಂಬಿ ಹಿಡಿದು ಮೆಲ್ಲಗೆ ಟೆರೇಸು ಹತ್ತಿ, ಒಣಹಾಕಿದ್ದ ಬಟ್ಟೆಗಳನ್ನು ಒಂದೊಂದಾಗಿ ತಡವಿ ತೆಗೆದುಕೊಂಡು ಬಂದೆ. ಅಷ್ಟರಲ್ಲಿ ಮನೆ ಓನರ ಹೆಂಡತಿ ಗೌರಮ್ಮ ಸೊಪ್ಪು ಕೊಡುವ ನೆಪದಲ್ಲಿ ಬಂದು, ಹರಟಿ, ಹೋಗಿದ್ದರು.

ಸೋಮವಾರ ಬೆಳಿಗ್ಗೆ ಕ್ಯಾಬ್‌ನಲ್ಲಿ ಕೂತು, ಹಿಂದಿನ ದಿನ ಬರೆಸಿದ್ದನ್ನು ಕೇಳುತ್ತಿದ್ದೆ. ನನ್ನ ಮಾತು ಮುಗಿಯಿತು. ಯಂತ್ರ ನಿಲ್ಲಲಿಲ್ಲ. ನಿಮ್ಮನೆಯವ್ರು ಅಂಗೆ ಕಿವಿಗೆ ಇಟ್ಕಂಡು ಏನಮ್ಮಾ ಕೇಳ್ತಿರ್ತಾರೆ ಎಂದಿತು. ಮೈಕ್ ನಿಲ್ಲಿಸದೆಯೇ ನಾನು ಬಟ್ಟೆ ತರಲು ಹೋಗಿದ್ದೆ! ಅಲ್ಲಲ್ಲಿ ಪದಗಳು ಕಲಸಿಹೋಗಿದ್ದವು, ಪೂರ್ಣವಿರಾಮ ಒಂದೂ ಇರಲಿಲ್ಲ, ಯಾವ ಮಾತು ಯಾರದೆಂದು ಬರೆದಿರಲಿಲ್ಲ. ಭಾಷೆಯಿಂದಲೇ ಗುರುತು ಹಿಡಿದೆ. ಗೌರಮ್ಮನಿಗೆ ಗಿರಿಜಾ ಕೊಟ್ಟ ಉತ್ತರವನ್ನು ಯಂತ್ರ ಒಂದೇ ಉಸಿರಿನಲ್ಲಿ ಓದಿತು: ಅವ್ರು ಬರದಿದ್ದನ್ನ ಅದು ಓದತೈತ್ರಿ ಮೊದ್ಲ ನಾ ಓದತಿದ್ನಿ ಈಗ ಕರಿಯೂದಿಲ್ಲ ನನ್ನ ಓದು ನಿಧಾನ ಅನಿಸಿರಬೇಕ ಅವ್ರಿಗೆ ಸಂಜೀಕ ಸುಮ್ನ ಮನ್ಯಾಗ ಕುಂತು ಏನ್ ಮಾಡ್ಲಿ ಅಂತ ಹೊರಗ ಹೊಕ್ಕೀನ್ರಿ.

ಅದನ್ನು ಮತ್ತೆ ಮತ್ತೆ ಓದಿಸಿ ಕೇಳಿದೆ. ಕ್ಯಾಬ್ ಮೇಲ್ಸೇತುವೆ ಇಳಿದದ್ದು ತಿಳಿಯಲಿಲ್ಲ. ಮಾತು ಗಿರಿಜಾಳದು, ದನಿ ಯಂತ್ರದ್ದು. ಇದನ್ನು ಅವಳು ಹೇಗೆ ಹೇಳಿದ್ದಳು, ಎಲ್ಲಿ ತಡೆದಿದ್ದಳು, ನಡುವೆ ನಕ್ಕಿದ್ದಳೇ, ಯಾವುದನ್ನೂ ತಿಳಿಸುವ ಸಲಕರಣೆ ಅದರಲ್ಲಿ ಇರಲಿಲ್ಲ.

ಆ ಸಂಜೆ ಅವಳು ಚಪ್ಪಲಿ ಮೆಟ್ಟುವ ಸದ್ದಾಯಿತು. ಪರದೆಯನ್ನು ಅವಳ ಕಡೆ ತಿರುಗಿಸಿದೆ.

“ಇದೊಂದು ಓದಿ ಹೇಳ್ತೀಯಾ?”

“ಯಾಕ್ರಿ, ಆ ಮಷಿನ್ ಐತಲ್ಲ, ಅದಕ್ಕೇನಾತು?”

“ಏನೂ ಆಗಿಲ್ಲ. ಚೆನ್ನಾಗೇ ಇದೆ.”

ಆಮೇಲೆ ಒಂದು ಚಪ್ಪಲಿ ಕಳಚಿತು, ಆಮೇಲೆ ಇನ್ನೊಂದು. ಕುರ್ಚಿ ಎಳೆದು ಓದತೊಡಗಿದಳು. ಮೊದಲ ಪ್ಯಾರಾದಲ್ಲೇ ಎರಡು ಸಲ ನಿಂತು, ನನ್ನ ಕಷ್ಟವನ್ನು ನಾನು ಅಗತ್ಯಕ್ಕಿಂತ ಹಿಗ್ಗಿಸಿದ್ದೇನೆ ಎಂದು ದೂರಿದಳು. ಎರಡನೆಯದರಲ್ಲಿ ನಗೆ ಬರುವ ಮೊದಲೇ ನಕ್ಕಳು. ನಾನು ಕಾಯುತ್ತಿದ್ದೆ. ಅವಳು ಗೌರಮ್ಮನಿಗೆ ಹೇಳಿದ ಮಾತು ಬಂದೇ ಬಂತು. ಓದಿದಳು, ಪೂರ್ಣವಿರಾಮವಿಲ್ಲದ ಕಡೆಯೆಲ್ಲ ಸರಿಯಾಗಿ ನಿಂತು ಓದಿದಳು. ನಿಧಾನ ಎಂಬಲ್ಲಿ ದನಿ ಸಣ್ಣದಾಯಿತು.

“ಇದು ನಾನು ಬರೆದಿದ್ದಲ್ಲ,” ಎಂದೆ. “ಮೈಕ್ ಹಾಗೇ ಬಿಟ್ಟು ಬಟ್ಟೆ ತರೋಕ್ ಹೋಗಿದ್ದೆ. ನಿಧಾನ ಅಂತಲ್ಲ ಕಣೆ. ದಣಿದು ಬಂದಿರ್ತೀಯ ಅಂತ ಕರೀಲಿಲ್ಲ.”

“ದಣದಿರ್ತಿದ್ನಿ,” ಎಂದಳು. “ಅದಕ್ಕೇನಾತು? ದಣದಽ ಓದತಿದ್ನಲ್ಲ.”

ಆಮೇಲೆ ಅವಳು ತೀರ್ಪು ಕೊಟ್ಟಳು. ಅವಳ ಮಾತಿರುವ ಪ್ಯಾರಾ ಒಂದನ್ನು ಬಿಟ್ಟು ಉಳಿದದ್ದೆಲ್ಲ ಮತ್ತೆ ಬರೆಯಬೇಕಂತೆ. ಬರೆದಾದ ಮೇಲೆ ಇನ್ನೊಮ್ಮೆ ಓದುತ್ತಾಳಂತೆ. ಅಂದಿನಿಂದ ಶ್ರದ್ಧೆಯಿಂದ ತಿದ್ದುತ್ತಿದ್ದೇನೆ. ತೀರಾ ಚೆನ್ನಾಗಿ ಆಗಿಬಿಡದ ಹಾಗೆ ಪ್ರತಿ ಪ್ಯಾರಾದಲ್ಲೂ ಒಂದೆರಡು ತಪ್ಪುಗಳನ್ನು ಉಳಿಸಿಕೊಳ್ಳುತ್ತಿದ್ದೇನೆ. ಸುಳ್ಳೇಕೆ, ಅವುಗಳಲ್ಲಿ ಹೆಚ್ಚಿನವಕ್ಕೆ ನಾನು ವಿಶೇಷ ಶ್ರಮವನ್ನೇನೂ ಪಡಬೇಕಾಗಿ ಬಂದಿಲ್ಲ.