ಅರವತ್ತೆರಡು ಜನ, ಐದು ಪಂಕ್ತಿ

ನಮ್ಮ ಸೋದರಮಾವನಿಗೆ ಭಾಗಾಕಾರ ಚೆನ್ನಾಗಿಯೇ ಬರುತ್ತಿತ್ತು, ಕಂಪ್ಯೂಟರ್ ಕ್ಲಾಸಿಗೆ ಸೇರುವವರೆಗೆ.

ಸರ್ಕಾರಿ ಕಚೇರಿಯಿಂದ ನಿವೃತ್ತರಾದ ಎರಡು ವರ್ಷಕ್ಕೆ ಅವರು ಚಾಮರಾಜಪೇಟೆಯಲ್ಲಿ ಪ್ರೋಗ್ರಾಮಿಂಗ್ ಕಲಿಯತೊಡಗಿದರು. ಪೂರ್ಣಾಂಕಗಳ ನಡುವೆ ಓರೆಗೆರೆ ಹಾಕಿದರೆ ಕಂಪ್ಯೂಟರು ಭಾಗಲಬ್ಧವನ್ನಷ್ಟೇ ಕೊಡುತ್ತದಂತೆ. ಶೇಷ ಬೇಕಿದ್ದರೆ ಶೇಕಡಾ ಚಿಹ್ನೆ ಹಾಕಿ ಬೇರೆಯಾಗಿ ಕೇಳಬೇಕಂತೆ.

"ಕೇಳಿದಷ್ಟಕ್ಕೇ ಉತ್ತರ. ಥೇಟ್ ನಮ್ಮ ಆಫೀಸು ಕಣೋ," ಎಂದು ಮಾವ ತಲೆದೂಗಿದರು.

ಅಂದಿನಿಂದ ಊರಿಗೆ ನೆಮ್ಮದಿಯಿಲ್ಲ. ಮಲ್ಲೇಶ್ವರದ ಸೀರೆ ಅಂಗಡಿಯೊಂದರ ಮುಂದೆ '20% ರಿಯಾಯಿತಿ' ಬೋರ್ಡು ಕಂಡು ನಿಂತುಬಿಟ್ಟರು.

"ಇಪ್ಪತ್ತನ್ನ ಯಾವುದರಿಂದ ಭಾಗಿಸ್ಬೇಕು ಸ್ವಾಮಿ? ಬರೆದೇ ಇಲ್ವಲ್ಲ."

"ಓನರ್ ಒಳಗಿದಾರೆ, ಅವರನ್ನೇ ಕೇಳಿ ಸಾರ್," ಎಂದ ಅಂಗಡಿಯ ಹುಡುಗ.

ಅತ್ತೆ ಅಷ್ಟರಲ್ಲಿ ಈ ಮನುಷ್ಯ ಯಾರೋ ಎಂಬಂತೆ ಪಕ್ಕದ ಅಂಗಡಿ ಸೇರಿದ್ದರು.

ಹೀಗಿರಲು ಮೊಮ್ಮಗಳ ನಾಮಕರಣ ಬಂತು. ಬಸವನಗುಡಿಯ ಮನೆಯ ತಾರಸಿಯಲ್ಲಿ ಊಟ. ಪಂಕ್ತಿಗೆ ಹನ್ನೆರಡೇ ಎಲೆ. ಎಷ್ಟು ಪಂಕ್ತಿ ಎಂಬುದನ್ನು ತಮ್ಮ ಪ್ರೋಗ್ರಾಮೇ ಹೇಳುತ್ತದೆಂದು ಮಾವ ಘೋಷಿಸಿದರು.

"ಒಬ್ಬರು ಎಲೆ ಸಿಗದೆ ನಿಂತರೂ ಆ ಕ್ಲಾಸು ನಾಳೆಯಿಂದ ಬಂದ್," ಎಂದರು ಅತ್ತೆ. ಅವರು ಹಾಗೆಲ್ಲ ಮಾತು ತಪ್ಪುವವರಲ್ಲ.

ಮನೆಯವರೂ ಸೇರಿ ಅರವತ್ತೆರಡು ಜನ. ಮಾವ ಗಂಭೀರವಾಗಿ ಓರೆಗೆರೆ ಹಾಕಿದರು. ಐದು ಎಂದಿತು ಕಂಪ್ಯೂಟರು. ಶೇಷ ಕೇಳುವುದನ್ನು ಮಾವ ಮರೆತರು. ಅದೇಕೆ ತಾನಾಗಿ ಹೇಳೀತು?

"ಐದು ಪಂಕ್ತಿ ಎದ್ದಮೇಲೆ ಮಿಕ್ಕಿದ್ದನ್ನೆಲ್ಲ ನೆಂಟರ ಡಬ್ಬಿಗೆ ಹಾಕಿ, ಪಾತ್ರೆ ತೊಳೆದುಬಿಡಿ," ಎಂದು ಅಡುಗೆಯವರಿಗೆ ಅಪ್ಪಣೆಯಾಯಿತು. ಮಾವ ಮೊದಲನೇ ಪಂಕ್ತಿಯಲ್ಲೇ ಉಂಡರು.

ಐದನೆಯದು ಎದ್ದಿತು. ಪಾತ್ರೆಗಳು ನಲ್ಲಿಯಡಿ ಬೋರಲು ಬಿದ್ದವು. ಉಳಿದವರು ಇಬ್ಬರು: ಬೆಳಗಿನಿಂದ ಬಡಿಸುತ್ತಿದ್ದ ಅತ್ತೆ ಮತ್ತು ಮಜ್ಜಿಗೆ ಬಕೆಟ್ ಹಿಡಿದ ನಾನು.

ನಾವಿಬ್ಬರೂ ಕೆಳಗಿಳಿದಾಗ ಮಾವ ತೀರ್ಪು ಕೇಳಲು ಬಂದರು. "ಏನೇ, ಯಾರಾದ್ರೂ ಉಳಿದ್ರಾ?"

ನಾನು ಬಾಯಿ ತೆರೆದೆ. ಅತ್ತೆ ನನ್ನ ಕಾಲು ತುಳಿದರು.

"ಇಲ್ಲ ರೀ. ಎಲ್ಲರದ್ದೂ ಆಯ್ತು."

ಮಾವ ಎದೆಯುಬ್ಬಿಸಿಕೊಂಡು ತಾರಸಿಗೆ ಹೋದರು. ಅಡುಗೆಮನೆಯಲ್ಲಿ ಅತ್ತೆ ಅವಲಕ್ಕಿಗೆ ಮೊಸರು ಕಲಸುತ್ತ ಮೆಲ್ಲಗೆ ಹೇಳಿದರು: "ಎರಡು ವರ್ಷ ಗೋಡೆ ನೋಡ್ಕೊಂಡು ಕೂತಿದ್ರು ಕಣೋ. ಕಾಫಿ ಬೇಕಾ ಅಂದ್ರೂ ಮಾತಿಲ್ಲ. ಸುಮ್ನೆ ತಿನ್ನು."

ಮೇಲೆ, ಪಾತ್ರೆ ಉಜ್ಜುತ್ತಿದ್ದ ಅಡುಗೆಯವರಿಗೆ ಮಾವ ಭಾಗಾಕಾರ ವಿವರಿಸುತ್ತಿದ್ದದ್ದು ಕೇಳಿಸುತ್ತಿತ್ತು. ಅತ್ತೆ ತುತ್ತನ್ನು ಕೈಯಲ್ಲೇ ಹಿಡಿದು ಕೇಳುತ್ತ ಕೂತರು.