ಮಾಮಿಯ ಮಾತಿನ ಗ್ರಾಫು

ನನ್ನ ಸೋದರಮಾವನ ಮನೆಯಲ್ಲಿ ಹಾಲು ಉಕ್ಕುವುದಕ್ಕೂ ಒಂದು ಗ್ರಾಫು ಇತ್ತು ಎಂದರೆ ನೀವು ನಂಬಲಿಕ್ಕಿಲ್ಲ. ನಂಬಬೇಡಿ. ವಿಶ್ವವಿದ್ಯಾಲಯದಲ್ಲಿ ಆರು ವರ್ಷ ಕೂತು ನಾನು ಕಲಿತದ್ದು, ಯಾವುದನ್ನೂ ಥಟ್ಟನೆ ನಂಬಬಾರದು ಎಂಬ ಒಂದೇ ವಿದ್ಯೆ. ಈಗೀಗ ನನ್ನ ನೆನಪನ್ನೂ ನಂಬಬಾರದವುಗಳ ಪಟ್ಟಿಗೆ ಸೇರಿಸಿದ್ದೇನೆ. ಆದರೆ ಆ ಗ್ರಾಫು ಇದ್ದದ್ದು ನಿಜ. ಅಡುಗೆಮನೆಯ ಕಪಾಟಿನ ಬಾಗಿಲಿಗೆ ಅಂಟಿಸಿದ್ದರು. ಒಲೆ ಹಚ್ಚಿದ ಮೇಲೆ ಎಷ್ಟು ನಿಮಿಷಕ್ಕೆ ಹಾಲು ಉಕ್ಕುತ್ತದೆ, ದಿನಕ್ಕೊಂದು ಚುಕ್ಕೆ. ಚುಕ್ಕೆ ಹಾಕುವ ಗಡಿಬಿಡಿಯಲ್ಲಿ ಹಾಲು ಉಕ್ಕಿ ಕಟ್ಟೆಯ ಮೇಲೆಲ್ಲ ಹರಿಯುತ್ತಿತ್ತು ಎಂಬುದು ಬೇರೆ ಮಾತು!

ಮಾಮಾ ಮರಾಠಿ ನಾಡಿನ ಖಡಕಿ ಎಂಬ ಊರಿನ ಕಾರ್ಖಾನೆಯೊಂದರಲ್ಲಿ ಮೂವತ್ತೈದು ವರ್ಷ ತಪಾಸಣೆಯ ಕೆಲಸ ಮಾಡಿ ನಿವೃತ್ತರಾದವರು. ತಯಾರಾದ ಬಿಡಿಭಾಗಗಳನ್ನು ಅಳೆದು ಪಾಸು ಅಥವಾ ರಿಜೆಕ್ಟು ಎನ್ನುವುದು ಅವರ ಕೆಲಸ. ಅವರ ಸಿದ್ಧಾಂತ ಒಂದೇ: "ಒಂದು ಅಂಕಿ ನೋಡಿ ಏನೂ ಹೇಳಬಾರದು. ಒಂಟಿ ಅಂಕಿ ಸುಳ್ಳ ಹೇಳತದ. ಗೆರಿ ನೋಡು, ಗೆರಿ!" ನಿವೃತ್ತಿಯ ನಂತರ ಅಳೆಯಲು ಉಳಿದದ್ದು ಮನೆ. ಮಾಮಿ ತಟ್ಟಿದ ಜೋಳದ ಭಕ್ರಿಗೆ ದಪ್ಪ ಅಳೆಯುವ ಕ್ಯಾಲಿಪರ್ ಹಿಡಿದದ್ದನ್ನು ನಾನೇ ಕಂಡಿದ್ದೇನೆ.

"ಮೂರು ಮಿಲಿಮೀಟರ್ ಒಂದು ಕಡೆ ಜಾಸ್ತಿ ಆಗೇದ," ಎಂದರು.

"ಹೌದ್ರಿ? ಹಂಗಾದ್ರ ರಿಜೆಕ್ಟ್ ಮಾಡ್ರಿ," ಎಂದು ಮಾಮಿ ತಟ್ಟೆಯನ್ನೇ ಎತ್ತಿಕೊಂಡು ಒಳಗೆ ಹೋದರು. ಅಂದಿನಿಂದ ಆ ಮನೆಯಲ್ಲಿ ಎಲ್ಲ ಭಕ್ರಿಯೂ ಪಾಸು!

ಅಂಥ ಮಾತಿನ ಮಾಮಿಗೆ ಕಳೆದ ವರ್ಷ ಲಕ್ವಾ ಹೊಡೆಯಿತು. ಕೈಕಾಲು ಹೇಗೋ ಉಳಿದವು, ಮಾತು ಹೋಯಿತು. ಮಾತಿನ ವ್ಯಾಯಾಮ ಮಾಡಿಸಲು ವಾರಕ್ಕೆ ಮೂರು ದಿನ ಯೆರವಡಾದಿಂದ ಒಬ್ಬ ಮರಾಠಿ ಹೆಣ್ಣುಮಗಳು ಬರತೊಡಗಿದಳು. ಆಕೆ "ಪಾಣೀ ಮ್ಹಣಾ" ಎನ್ನುವುದು, ಮಾಮಾ "ನೀರು ಅನ್ನು" ಎಂದು ಅನುವಾದಿಸುವುದು, ಮಾಮಿ ಇಬ್ಬರನ್ನೂ ಬಿಟ್ಟು ಕಿಟಕಿಯ ಕಡೆ ನೋಡುವುದು. ಹೀಗೆ ನಡೆದಿತ್ತು.

ಮಾಮಾ ಏನು ಮಾಡಿದರು? ಎಣಿಸತೊಡಗಿದರು! ಪೆನ್ಸಿಲು, ಸಣ್ಣ ನೋಟ್‌ಬುಕ್ಕು ಹಿಡಿದು ಬೆಳಗಿನಿಂದ ಸಂಜೆಯವರೆಗೆ ಮಾಮಿಯ ಪಕ್ಕ ಕೂತು, ಆಕೆ ಆಡಿದ ಪ್ರತಿ ಶಬ್ದಕ್ಕೆ ಒಂದು ಗೀಟು. "ಹೂಂ", "ಉಹೂಂ" ಎರಡೂ ರಿಜೆಕ್ಟು. ಪ್ರತಿ ರವಿವಾರ ಆ ವಾರದ ಅಂಕಿಗಳನ್ನು ಸ್ಪ್ರೆಡ್‌ಶೀಟಿಗೆ ಏರಿಸಿ, ಗ್ರಾಫನ್ನು ಮುದ್ರಿಸಿಕೊಳ್ಳುವರು. ಆ ಗ್ರಾಫು ಮಾಡಿಕೊಟ್ಟವನು ನಾನೇ. ಹೊಸ ಸಾಲು ಸೇರಿಸಿದರೆ ಗೆರೆ ತಾನಾಗಿಯೇ ಮುಂದುವರಿಯುವಂತೆ ಮಾಡಿದ್ದೇನೆ ಎಂದು ನನ್ನ ನೆನಪು ಆಣೆಯಿಟ್ಟು ಹೇಳುತ್ತಿತ್ತು. ಕೆಳಗಿನ ದಿನಾಂಕಗಳು ಗಿಜಿಗಿಜಿ ಕಾಣುತ್ತವೆಂದು ಅಳಿಸಿಯೂ ಕೊಟ್ಟಿದ್ದೆ.

ಒಂದು ರವಿವಾರ "ಬಾರೋ ಒಮ್ಮೆ" ಎಂದು ಫೋನು ಬಂತು. ನಾನಿರುವ ಚಿಂಚವಾಡದಿಂದ ಲೋಕಲ್ ರೈಲು ಹಿಡಿದು ಹೋದೆ. ಮೇಜಿನ ಮೇಲೆ ಏಳು ಕಾಗದ.

"ಏಳು ರವಿವಾರದ್ದು ನೋಡು," ಎಂದು ಮಾಮಾ ಅವನ್ನು ಒಂದರ ಮೇಲೊಂದು ಇಟ್ಟು ಕಿಟಕಿಯ ಬೆಳಕಿಗೆ ಹಿಡಿದರು. "ಕೂದಲಷ್ಟೂ ಫರಕ್ ಇಲ್ಲ. ಅಕಿ ಅಲ್ಲೇ ನಿಂತಾಳ."

"ಆದ್ರೂ ಮಾಮಾ..."

"ವ್ಯಾಯಾಮ ಮುಗದ ಮ್ಯಾಲೆ ಅಳತಾಳೋ. ನಾಳಿಂದ ಬ್ಯಾಡ ಅಂತ ಆ ಹೆಣ್ಣಮಗಳಿಗೆ ಹೇಳೇಬಿಡತೀನಿ. ಸುಮ್ಮನ ಯಾಕ ಹಿಂಸಾ?"

ನನ್ನೊಳಗಿನ ಸಂಶಯಪ್ರಾಣಿ ಕಿವಿ ನಿಮಿರಿಸಿತು. ಮನುಷ್ಯರ ಗೆರೆ ಏಳು ವಾರ ಕೂದಲಷ್ಟೂ ಅಲುಗದೆ ಇರುವುದುಂಟೇ? ಕಂಪ್ಯೂಟರ್ ತೆರೆದೆ. ಹಾಳೆಯಲ್ಲಿ ಎಂಬತ್ತರ ಹತ್ತಿರ ಸಾಲುಗಳಿದ್ದವು. ಗ್ರಾಫು ಮಾತ್ರ ಮೊದಲ ಮೂವತ್ತು ಸಾಲುಗಳನ್ನು ತಬ್ಬಿಕೊಂಡು ಕೂತಿತ್ತು! ಮೊದಲ ತಿಂಗಳನ್ನೇ ಮಾಮಾ ಏಳು ಸಲ ಮುದ್ರಿಸಿದ್ದರು. ಹಾಗೆ ಕಟ್ಟಿಹಾಕಿದವನು ನಾನು. ನೆನಪೇ, ನಿನ್ನ ಆಣೆಗಿಷ್ಟು ಬೆಂಕಿ!

"ಮಾಮಾ, ವಾರಾವಾರಾ ಅಂಕಿ ಹಾಕೋವಾಗರೇ ಗೊತ್ತಾಗ್ಲಿಲ್ಲೇನ್ರಿ?"

"ಅಂಕಿ ಏನ್ ನೋಡ್ತಿ? ಒಂದಿನ ಇಪ್ಪತ್ತು, ಮರುದಿನ ಒಂಬತ್ತು. ಗೆರಿ ನೋಡಬೇಕು."

ಅಂಕಿಗಳನ್ನೆಲ್ಲ ಹಿಡಿದು ಟೇಬಲ್ ಮಾಡಿದೆ. ಗ್ರಾಫನ್ನು ಇಡೀ ಟೇಬಲ್ಲಿಗೆ ಜೋಡಿಸಿದೆ. ಇನ್ನು ಕೆಳಗೆ ಒಂದು ಸಾಲು ಬರೆದರೆ ಸಾಕು, ಟೇಬಲ್ಲು ಬೆಳೆಯುತ್ತದೆ, ಅದರ ಹಿಂದೆ ಗೆರೆಯೂ. ತೋರಿಸಲೆಂದು ಸುಮ್ಮನೆ ಐವತ್ತು ಎಂದು ಒತ್ತಿದೆ. ಗೆರೆ ಚಂಗನೆ ನೆಗೆಯಿತು.

"ಅದನ್ನ ತಗಿ," ಎಂದರು ಮಾಮಾ. "ಅಕಿ ಹೆಸರಿನ್ಯಾಗ ಸುಳ್ಳ ಬ್ಯಾಡ."

ತೆಗೆದೆ. ಉಳಿದದ್ದು ಮಾಮಿಯ ನಿಜವಾದ ಗೆರೆ. ಮೊದಲ ತಿಂಗಳು ನೆಲ ಹಿಡಿದು ತೆವಳಿ, ಆಮೇಲೆ ಎಡವುತ್ತ, ಜಾರುತ್ತ, ಮತ್ತೆ ಹತ್ತುತ್ತ, ಮೇಲಕ್ಕೇ ಹೋಗಿತ್ತು. ಮಾಮಾ ಬೆರಳಿಟ್ಟು ಅದನ್ನು ಕೊನೆಯವರೆಗೆ ಹಿಂಬಾಲಿಸಿದರು. ಕನ್ನಡಕ ತೆಗೆದು ಧೋತರದ ಚುಂಗಿನಿಂದ ಬಹಳ ಹೊತ್ತು ಒರೆಸಿದರು.

"ತಪ್ಪು ನಂದು ಮಾಮಾ," ಎಂದೆ.

"ನಿಂದು ಆಮ್ಯಾಲೆ ನೋಡೋಣು," ಎಂದವರೇ ಎದ್ದು ಮಾಮಿಯ ಪಕ್ಕ ಹೋಗಿ ಕೂತರು. "ನೀ ಏರ್ಲಿಕತ್ತಿದ್ದಿ," ಎಂದರು. "ನಾನೇ ನೋಡ್ಲಿಲ್ಲ."

ಮರುದಿನ ಯೆರವಡಾದ ಹೆಣ್ಣುಮಗಳಿಗೆ ಬಾಗಿಲು ತೆರೆಯಿತು.

ಎರಡು ತಿಂಗಳು ಬಿಟ್ಟು ಮತ್ತೆ ಹೋದಾಗ ಮೊದಲು ಕಂಪ್ಯೂಟರನ್ನೇ ನೋಡಿದೆ. ಗೆರೆ ಅದೇ ರವಿವಾರಕ್ಕೆ ನಿಂತಿತ್ತು! ಮತ್ತೆ ನನ್ನದೇ ಎಡವಟ್ಟೇ? ಹಾಳೆಯ ಮೇಲೆ ಕೆಳಗೆ ಹುಡುಕಿದೆ. ಗ್ರಾಫು ಸರಿಯಾಗಿಯೇ ಇತ್ತು; ಆ ದಿನದಿಂದ ಒಂದು ಹೊಸ ಸಾಲೂ ಸೇರಿರಲಿಲ್ಲ.

"ಏನ್ ಮಾಮಾ, ಎಣಸೂದು ಬಿಟ್ರೇನು?"

ಮಾಮಾ ಸ್ವಲ್ಪ ನಾಚಿದರು. "ಎಣಸ್ಕೋತ ಕೂತ್ರ, ಅಕಿ ಏನ್ ಹೇಳ್ಲಿಕತ್ತಾಳ ಅನ್ನೂದ ಕೇಳಸೂದಿಲ್ಲೋ."

ಅಷ್ಟರಲ್ಲಿ ಅಡುಗೆಮನೆಯಿಂದ, ತಡೆತಡೆದು, ಆದರೆ ಹಳೆಯ ದರ್ಪದಲ್ಲೇ ಬಂತು: "ಏನ್ರೀ... ಹಾಲು... ಹಾಲು ನೋಡ್ರಿ!"

ಮಾಮಾ ಓಡಿದರು. ನಾನು ಕೂತಲ್ಲೇ ಬೆರಳು ಮಡಚಿ ಎಣಿಸಿದೆ. ಮೂರೋ, ನಾಲ್ಕೋ. ಈಗ ಖಚಿತವಾಗಿ ನೆನಪಿಲ್ಲ.