ನಾಲ್ಕು ಬಿಯರ್, ಎರಡು ಟವೆಲ್

ಬಾರ್ ಮ್ಯಾನೇಜರ್ ಆದವನು ನಗುವುದಕ್ಕೆ ಎಲ್ಲಿಗೂ ಹೋಗಬೇಕಾಗಿಲ್ಲ; ಕೌಂಟರ್ ಹಿಂದೆ ಸುಮ್ಮನೆ ನಿಂತರೆ ಸಾಕು, ದಿನಕ್ಕೊಂದು ಪ್ರಸಂಗ ತಾನೇ ಬಾಗಿಲು ತಳ್ಳಿಕೊಂಡು ಒಳಗೆ ಬರುತ್ತದೆ. ರಾಯಚೂರಿನಲ್ಲಿ ನಾನು ನೋಡಿಕೊಳ್ಳುವ ಬಾರಿಗೆ ಹೋದ ಬೇಸಿಗೆಯಲ್ಲಿ ಹೊಸ ಫ್ರಿಜ್ ಬಂತು. ಬೆಂಗಳೂರಿಗೆ ಯಾವುದೋ ಮದುವೆಗೆ ಹೋಗಿದ್ದ ನಮ್ಮ ಮಾಲೀಕರು ಸಣ್ಣ ಘಟಕಗಳಲ್ಲಿ ಬಗೆಬಗೆಯ ರುಚಿಯಲ್ಲಿ ತಯಾರಿಸುವ ಕ್ರಾಫ್ಟ್ ಬಿಯರಿನ ರುಚಿ ಹತ್ತಿಸಿಕೊಂಡು ಬಂದಿದ್ದರು. ಅಕ್ಕಿಯದು, ಗೋಧಿಯದು, ಕಹಿ, ಕಪ್ಪು ಅಂತ ನಾಲ್ಕು ಬಗೆ ತರಿಸಿದರು. ಮಾರಾಟವಾಗದಿದ್ದರೆ ಫ್ರಿಜ್ಜನ್ನು ಮನೆಗೆ ಒಯ್ದು ಮೊಸರು ಇಡುತ್ತೇನೆ ಅಂತಲೂ ಹೇಳಿದರು. ನನಗೋ ಮೊದಲ ದಿನವೇ ಕಪ್ಪು ಬಿಯರ್ ಮೇಲೆ ಮನಸ್ಸಾಗಿಬಿಟ್ಟಿತ್ತು. ಏನಾದರಾಗಲಿ, ಫ್ರಿಜ್ ಹೋಗಬಾರದು ಅಂತ ನನ್ನ ಹಟ.

ಅನ್ನದ ಬಿಯರ್

ಪೋತ್ನಾಳ ಕಡೆಯ ಭತ್ತದ ರೈತರೊಬ್ಬರು ದೇವದುರ್ಗದ ಗೆಳೆಯನನ್ನು ಕರೆದುಕೊಂಡು ಬಂದರು. ಇಬ್ಬರಿಗೂ ಒಂದೊಂದು ಗ್ಲಾಸ್ ಸುರಿದು, ಇದು ಅಕ್ಕಿಯಿಂದ ಮಾಡಿದ್ದು ಅಂದೆ. ರೈತರು ಗ್ಲಾಸನ್ನು ಬೆಳಕಿಗೆ ಹಿಡಿದರು, ಮೂಸಿದರು, ಒಂದು ಗುಟುಕನ್ನು ಬಾಯಲ್ಲಿ ಆಡಿಸಿದರು. ಇದು ಹೊಸ ಅಕ್ಕಿ, ಒಂದು ವರ್ಷ ಚೀಲದಲ್ಲಿ ಇಟ್ಟು ಮಾಡಿದ್ದರೆ ಚೆನ್ನಾಗಿರುತ್ತಿತ್ತು ಎಂದು ತೀರ್ಪು ಕೊಟ್ಟರು. ಗೆಳೆಯ ಜೋಳದ ಸೀಮೆಯವನು, ಅಲ್ಲಿ ಅನ್ನ ಅಂದರೆ ಕಾಯಿಲೆಯವರ ಊಟ; ಗ್ಲಾಸ್ ಮುಟ್ಟಲೇ ಇಲ್ಲ. ಜೋಳದ್ದು ಇಲ್ಲವೇ ಅಂತ ಕೇಳಿದ. ಇಲ್ಲ ಅಂದೆ.

"ನಾವು ರೊಟ್ಟಿ ತಿನ್ನೋ ಮಂದಿ ರೀ. ಈ ಅನ್ನದ್ದು ಇಟ್ಟಿರ್ರಿ, ಜ್ವರ ಬಂದಾಗ ಬರ್ತೀನಿ" ಅಂದ.

ಕಾಫಿ ಪುಡಿ

ಕಪ್ಪು ಬಿಯರಿನಲ್ಲಿ ಕಾಫಿ ವಾಸನೆ ಇರುತ್ತದೆ ಎಂದು ನಾನು ಕಂಡಕಂಡವರಿಗೆಲ್ಲ ಹೇಳುತ್ತಿದ್ದೆ. ಚಂದ್ರಬಂಡದ ಗಿರಾಕಿಯೊಬ್ಬ ಅದನ್ನು ಕೇಳಿದ್ದೇ ತಡ, ಅಂದಿನಿಂದ ಅದನ್ನೇ ಕುಡಿಯತೊಡಗಿದ. ಮನೆಯಲ್ಲಿ ಮಾತ್ರ ಹೋಟೆಲಿನಲ್ಲಿ ಕಾಫಿ ಕುಡಿದು ಬಂದೆ ಅನ್ನುತ್ತಿದ್ದನಂತೆ. ಒಂದು ದಿನ ಅವನು ಫೋನನ್ನು ಟೇಬಲ್ ಮೇಲೆ ಮರೆತು ಹೋದ. ಅದು ಬಡಿದುಕೊಳ್ಳುತ್ತಲೇ ಇತ್ತು, ಎತ್ತಿದೆ. ಆ ಕಡೆ ಅವನ ಹೆಂಡತಿ. ಇದು ಕಾಫಿ ಹೋಟೆಲೇ ಅಂತ ಕೇಳಿದಳು. ಗಿರಾಕಿಯ ಸಂಸಾರ ಕೆಡಬಾರದಲ್ಲ, ಹೌದು ತಾಯಿ ಅಂದೆ.

"ಯಣ್ಣಾ, ಅದು ಯಾವ ಪುಡಿ ರೀ? ಅದನ್ನ ಕುಡಿದು ಬಂದ ದಿನ ನನ್ನ ಮಾರಿ ನೋಡಿ ನಗ್ತಾರ. ಪಾವ್ ಕಿಲೊ ಕಳಿಸ್ರಿ, ಮನ್ಯಾಗ ನಾನೇ ಮಾಡಿ ಕೊಡ್ತೀನಿ."

ಕಹಿ

ಕಹಿ ಬಿಯರಿನದು ದೊಡ್ಡ ಕಥೆಯೇನಲ್ಲ. ನಿವೃತ್ತ ಮೇಷ್ಟ್ರೊಬ್ಬರು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿ ಬಹಳ ಹೊತ್ತು ಕೂತರು. ಹೇಗಿದೆ ಸರ್ ಅಂತ ಕೇಳಿದೆ.

"ಇದನ್ನ ಊಟಕ್ಕ ಮೊದಲು ತಗೋಬೇಕೋ, ಊಟ ಆದಮ್ಯಾಲೋ?"

ಕಣ್ಣಿಗೆ ಟವೆಲ್

ಇಷ್ಟೆಲ್ಲ ಆದರೂ ಮಾರಾಟ ಏಳಲಿಲ್ಲ. ಮಾಲೀಕರು ಮೊಸರಿನ ಮಾತು ಮತ್ತೆ ಎತ್ತಿದರು. ಐದಾರು ಒಳ್ಳೆಯ ಗಿರಾಕಿಗಳನ್ನು ಕರೆಸಿ ನಾಲ್ಕನ್ನೂ ರುಚಿ ನೋಡಿಸೋಣ, ಒಂದನ್ನಾದರೂ ಮೆಚ್ಚಿದರೆ ಫ್ರಿಜ್ ಇರಲಿ ಎಂದು ಅವರನ್ನು ಒಪ್ಪಿಸಿದೆ. ದೊಡ್ಡ ಊರುಗಳಲ್ಲಿ ಯಾವ ಬಿಯರ್ ಎಂದು ತೋರಿಸದೆ ಕುಡಿಸುತ್ತಾರೆ ಅಂತ ಫೋನಿನಲ್ಲಿ ನೋಡಿದ್ದೆ. ಬಾಟಲಿ ಮುಚ್ಚಿಟ್ಟಿದ್ದರೆ ಸಾಕಿತ್ತಂತೆ. ನಾನು ಬಂದವರ ಕಣ್ಣಿಗೇ ಟವೆಲ್ ಕಟ್ಟಿದೆ. ಬಾಗಿಲಲ್ಲೇ ಕಟ್ಟಿ, ಕೈ ಹಿಡಿದು ಒಯ್ದು ಕೂರಿಸಿದೆ.

ಮೊದಲು ಬಂದವರು ಗಬ್ಬೂರಿನ ಹಿರಿಯರು. ಊರಲ್ಲಿ ಕುಡಿತದ ಹೆಸರೆತ್ತಿದರೆ ಸಿಡುಕುವ ಮನುಷ್ಯ ಎಂದು ಖ್ಯಾತಿ. ನಮ್ಮ ಬಾರಿಗೆ ಮಾತ್ರ ಬಸ್ ಹತ್ತಿ ಗುಟ್ಟಾಗಿ ಬರುತ್ತಿದ್ದರು. ಕೊನೆಗೆ ಬಂದವನು ಮಾನ್ವಿಯ ಯುವಕ. ಖಾಲಿ ಇದ್ದದ್ದು ಹಿರಿಯರ ಪಕ್ಕದ ಕುರ್ಚಿ, ಅಲ್ಲೇ ಕೂರಿಸಿದೆ. ಇವರಿಬ್ಬರು ಮಾವ, ಅಳಿಯ ಅನ್ನುವುದು ನನಗೆ ಗೊತ್ತಿರಲಿಲ್ಲ. ನಮ್ಮ ಕಡೆ ಮಾವನ ಮುಂದೆ ಅಳಿಯ ಬೀಡಿ ಸಹ ಹಚ್ಚುವುದಿಲ್ಲ.

ಕಪ್ಪು ಬಿಯರ್ ಬಂತು. ಹಿರಿಯರು ಅರ್ಧ ಗ್ಲಾಸ್ ಇಳಿಸಿ ಖುಷಿಯಲ್ಲಿ ಪಕ್ಕಕ್ಕೆ ತಿರುಗಿದರು.

"ಇದೇ ನಂಬರ್ ಒನ್ ಅದ. ಏನಂತೀರಿ, ಬಾಜೂದವ್ರ?"

ಯುವಕನ ಗ್ಲಾಸ್ ಬಾಯಿಯ ಹತ್ತಿರ ನಿಂತುಬಿಟ್ಟಿತು. ಆ ದನಿ ಕೇಳಿದರೆ ಎದ್ದು ನಿಂತು ಹೂಂ ಅನ್ನುವುದು ಮದುವೆಯಾದಾಗಿನಿಂದ ಅವನ ರೂಢಿ. ಎದ್ದೇಬಿಟ್ಟ.

"ಹೂಂ ರೀ, ಮಾವಾ."

ಮಾಲೀಕರ ಮುಖ ನೋಡಿದೆ; ಅವರು ಫ್ರಿಜ್ ನೋಡುತ್ತಿದ್ದರು. ಫ್ರಿಜ್ ಹೋದರೆ ಹೋಗಲಿ, ಒಂದು ಮನೆತನದ ಮರ್ಯಾದೆ ನನ್ನ ಟವೆಲಿನಿಂದ ಹೋಯಿತಲ್ಲ ಎಂದು ನನಗೆ ನಿಜವಾಗಿಯೂ ಭಯವಾಯಿತು. ಹಿರಿಯರ ಕೈ ನಿಧಾನವಾಗಿ ತಲೆಯ ಹಿಂದಿನ ಗಂಟಿಗೆ ಹೋಯಿತು. ಬಿಚ್ಚುತ್ತಾರೆ ಅಂದುಕೊಂಡೆ. ಅವರು ಗಂಟನ್ನು ಇನ್ನಷ್ಟು ಬಿಗಿ ಮಾಡಿಕೊಂಡರು.

"ಮ್ಯಾನೇಜರ್ ಸಾಹೇಬ್ರ, ಬಾಜೂದವರದೂ ಬಿಗಿಯಾಗಿ ಕಟ್ರಿ. ಆಮ್ಯಾಲ ಅದೇ ಕರೀದು ತರ್ರಿ, ಇಬ್ಬರಿಗೂ."

ಮಾಲೀಕರು ನಕ್ಕು ನಕ್ಕು ಕುರ್ಚಿ ಹಿಡಿದುಕೊಂಡರು. ಫ್ರಿಜ್ ಉಳಿಯಿತು. ಈಗ ಮಾವ, ಅಳಿಯ ಬೇರೆ ಬೇರೆ ಬಸ್ಸಿನಲ್ಲಿ ಬಂದು ಒಂದೇ ಟೇಬಲಿಗೆ ಕೂರುತ್ತಾರೆ. ಯಾವ ಬಿಯರ್ ಎಂದು ನಾನೂ ಕೇಳುವುದಿಲ್ಲ. ಮಾವನವರು ಬಾಗಿಲಲ್ಲೇ ಕಣ್ಣು ಮುಚ್ಚಿಕೊಂಡು ನಿಂತು ಹೇಳುತ್ತಾರೆ:

"ಮೊದಲು ಟವೆಲ್ ತರ್ರಿ."